ಅಮೀನಬಿಯ ನೂರಾ ಹದಿನೆಂಟು ಸುತ್ತು

ಇಳಕಲ್ಲಿನ ಅಮೀನಬಿಗೆ ಓದು ಬರೆಹ ಬರುತ್ತಿರಲಿಲ್ಲ. ಆದರೆ ಹದಿನೈದು ವರ್ಷ ಮಗ್ಗಕ್ಕೆ ಎಳೆ ಎಣಿಸಿ ಕೊಟ್ಟವಳು. ಮಾತಾಡುತ್ತಲೇ ಎಣಿಸಿದರೂ ಲೆಕ್ಕ ತಪ್ಪುತ್ತಿರಲಿಲ್ಲ. ಗಂಡ ತೀರಿಕೊಂಡ ಮೇಲೆ ಮಗಳನ್ನು ಸಾಕಲು ನಮ್ಮ ಮನೆಗೆ ಕೆಲಸಕ್ಕೆ ಬಂದಳು. ಕೆಲಸವೆಂದರೆ ಕಸ ಮುಸುರೆಯಲ್ಲ. ಕೂದಲಿನಷ್ಟು ಸಣ್ಣ ತಾಮ್ರದ ತಂತಿಯನ್ನು ಕೊಳವೆಗೆ ಸುತ್ತಿ ರೇಡಿಯೋದ ಸುರುಳಿ ಮಾಡುವುದು.

ನಮ್ಮವರು, ಅಂದರೆ ಮಧುಸೂದನ ಮಾಸ್ತರರು, ೧೯೫೭ರಲ್ಲಿ ಶಾಲೆಯ ನೌಕರಿ ಬಿಟ್ಟು ಪಡಸಾಲೆಯಲ್ಲೇ ರೇಡಿಯೋ ಕಂಪನಿ ತೆರೆದಿದ್ದರು. ಕಂಪನಿಯೆಂದರೆ ಅವರು ಮತ್ತು ಅಮೀನಬಿ. ನನ್ನದು ಚಹಾದ ಇಲಾಖೆ. ಗಂಡನೆಂದು ಮುಚ್ಚಿಡುವುದಿಲ್ಲ, ಅವರಿಗೆ ಗುಟ್ಟಿನ ಹುಚ್ಚು ಹಿಡಿದಿತ್ತು. ಯಾರಾದರೂ ನಕಲು ಮಾಡಿಯಾರೆಂದು ಪೆಟ್ಟಿಗೆಯೊಳಗೆ ಡಾಂಬರು ಕಾಸಿ ಸುರಿಯುತ್ತಿದ್ದರು. ಯಾವ ಕೇಂದ್ರ ಕೇಳುತ್ತದೆಂಬುದು ಸುರುಳಿಯ ಸುತ್ತಿನ ಮೇಲೆ ನಿಂತದ್ದು; ಅದು ಎಷ್ಟು ಸುತ್ತು ಎಂಬುದಂತೂ ನನಗೂ ಗೊತ್ತಿರಲಿಲ್ಲ.

"ಆ ಲೆಕ್ಕ ಬಾಯಿಗೆ ತರಬ್ಯಾಡ. ಯಾರ ಮುಂದೂ, ನನ್ನ ಮುಂದೂ. ತಂದ ದಿನ ಕೆಲಸ ಹೋತು ಅಂತ ತಿಳಿ" ಎಂದು ಅಮೀನಬಿಗೆ ಮೊದಲ ದಿನವೇ ತಾಕೀತು ಮಾಡಿದ್ದರು.

ಮರುವರ್ಷ ಹುನಗುಂದ ತಾಲೂಕಿನ ಅಧಿಕಾರಿ ಮಾಮಲೇದಾರರು ಹಳ್ಳಿ ಚಾವಡಿಗಳಿಗೆ ಇಪ್ಪತ್ತು ರೇಡಿಯೋ ಕೊಳ್ಳುವವರಿದ್ದರು. ಗುಡೂರಿನ ಚಾವಡಿಯಲ್ಲಿ ನಮ್ಮದೊಂದು ಎಂಟು ದಿನ ಹಾಡಬೇಕು, ಅದೇ ಪರೀಕ್ಷೆ. ಪಕ್ಕದಲ್ಲಿ ಬಾಗಲಕೋಟೆಯ ವ್ಯಾಪಾರಿ ಹಣಮಪ್ಪ ದೊಡ್ಡ ಕಂಪನಿಯ ರೇಡಿಯೋ ಇಟ್ಟುಕೊಂಡು ಕೂತಿದ್ದ. ಇದು ಕೈತಪ್ಪಿದರೆ ನಾವು ಬಾಗಿಲು ಹಾಕುವುದೇ ಗತಿ.

ಎಂಟನೆಯ ದಿನ ನಮ್ಮ ರೇಡಿಯೋ ಮೂಕಾಯಿತೆಂದು ಸುದ್ದಿ ಬಂತು. ನಮ್ಮವರು ಸಾಮಾನು ತರಲು ಪುಣೆಗೆ ಹೋಗಿದ್ದರು. ಮಾಮಲೇದಾರರು ನಾಲ್ಕಕ್ಕೆ ಬರುವವರು. ನಾನೂ ಅಮೀನಬಿಯೂ ತಂತಿ, ಬೆಸುಗೆ ಸಾಮಾನು ಕಟ್ಟಿಕೊಂಡು ಬಸ್ಸು ಹತ್ತಿದೆವು. ಗುಡೂರು ಮುಟ್ಟಿದಾಗ ಎರಡೂವರೆ.

ಹಿಂದಿನ ಹಲಗೆ ಬಿಚ್ಚಿ ನೋಡಿದರೆ ಡಾಂಬರು ಬಿಸಿಲಿಗೆ ಮೆತ್ತಗಾಗಿ ಜರಿದಿತ್ತು. ಜರಿಯುವಾಗ ಸುರುಳಿಯ ತಂತಿಯನ್ನೂ ಎಳೆದು ಹರಿದಿತ್ತು. ಗುಟ್ಟು ಕಾಯಲು ಹಾಕಿದ್ದೇ ನಮ್ಮ ಕುತ್ತಿಗೆಗೆ ಬಂದಿತ್ತು. ಹಣಮಪ್ಪ ಪೆನ್ಸಿಲ್ ಹಿಡಿದು ಹತ್ತಿರ ಸರಿದ.

"ಇವನನ್ನ ಹೊರಗ ಕಳಸು" ಎಂದು ಅಮೀನಬಿಯ ಕಿವಿಯಲ್ಲಿ ಅಂದೆ.

"ಚಾವಡಿ ಊರಿಂದು ಬಾಯಾರ, ಯಾರನ್ನ ಹೊರಗ ಹಾಕೋದ್ರಿ?" ಎಂದಳು. "ನನ್ನ ಕೆಲಸ ಹೋದ್ರ ಹೋಗ್ಲಿ" ಎಂದವಳೇ ಚೂರಿ ಹಾಕಿ ಡಾಂಬರು ಕೆರೆದಳು.

ಹೊಸ ತಂತಿ ಸುತ್ತತೊಡಗಿದಾಗ ಅವಳ ಕಣ್ಣು ಮತ್ತೆ ಮತ್ತೆ ಹಣಮಪ್ಪನ ಪೆನ್ಸಿಲ್ಲಿನ ಕಡೆ ಹೋಗುತ್ತಿತ್ತು. ಎರಡು ಸಲ ಎಣಿಕೆ ತಪ್ಪಿ ಬಿಚ್ಚಿದಳು. ಮೂರೂ ಕಾಲಾಯಿತು. ಅವಳ ಮಗ್ಗದ ಮನೆಯಲ್ಲಿ ಎಣಿಕೆ ತಪ್ಪಿದರೆ ಒಬ್ಬರು ಗಟ್ಟಿಯಾಗಿ ಎಣಿಸುವುದು, ಇನ್ನೊಬ್ಬರು ಇಪ್ಪತ್ತಕ್ಕೊಂದು ಗಂಟು ಹಾಕುವುದು ರೂಢಿ. ನನ್ನ ಕೈಗೆ ದಾರ ಕೊಟ್ಟು, ಊರೆಲ್ಲ ಕೇಳುವಂತೆ ಎಣಿಸಿದಳು. ಐದು ಗಂಟು ಹಾಕಿದೆ. ಆಮೇಲೆ ಹದಿನೆಂಟು, ಒಟ್ಟು ನೂರಾ ಹದಿನೆಂಟು. ಹಣಮಪ್ಪ ಬರೆದುಕೊಂಡ.

ಚಹಾದಂಗಡಿಯ ಕೆಂಡದಲ್ಲಿ ಕಾಸಿದ ಬೆಸುಗೆ ಕಡ್ಡಿಯಿಂದ ಬೆಸೆದು ರೇಡಿಯೋದ ಕಿವಿ ತಿರುವಿದಳು. ಧಾರವಾಡ ಆಕಾಶವಾಣಿ ಮಾತಾಡಿತು. ನಾನು ನಾಚಿಕೆ ಬಿಟ್ಟು ಅತ್ತೆ.

ಮಾಮಲೇದಾರರು ನಡೆದದ್ದನ್ನೆಲ್ಲ ಊರವರಿಂದ ಕೇಳಿ ಹಣಮಪ್ಪನ ಕಡೆ ತಿರುಗಿದರು. "ನಿಮ್ಮದು ಕೆಟ್ರ?"

"ಮುಂಬೈಗೆ ಕಳಸಬೇಕ್ರಿ ಸಾಹೇಬ್ರ."

ಇಪ್ಪತ್ತೂ ನಮಗೇ ಬಂದವು. ಷರತ್ತು ಒಂದೇ: ಡಾಂಬರು ಹಾಕಕೂಡದು, ಪ್ರತಿ ಪೆಟ್ಟಿಗೆಯೊಳಗೆ ತಂತಿ ಜೋಡಣೆಯ ನಕ್ಷೆಯನ್ನೂ ಸುತ್ತಿನ ಲೆಕ್ಕವನ್ನೂ ಅಂಟಿಸಬೇಕು.

ಪುಣೆಯಿಂದ ಬಂದ ನಮ್ಮವರು ಆರ್ಡರು ಕಂಡು ಹಿಗ್ಗಲಿಲ್ಲ, ಉರಿದೆದ್ದರು. "ನನ್ನ ಲೆಕ್ಕ ಊರ ಮುಂದ ಒದರಿದಿ! ನಾಳಿಂದ ಬರಬ್ಯಾಡ."

ಅಮೀನಬಿ ತಲೆಯ ಸೆರಗು ಸರಿ ಮಾಡಿಕೊಂಡಳು. "ನಿಮ್ಮ ಲೆಕ್ಕ ನೂರಾ ಹತ್ತು ಮಾಸ್ತರ. ಅದಕ್ಕ ಧಾರವಾಡ ಬರ್ತಿರಲಿಲ್ಲ. ನೀವು ಊಟಕ್ಕ ಎದ್ದಾಗ ಒಂದೊಂದ ಸುತ್ತು ಹೆಚ್ಚು ಮಾಡಿ ನೋಡಿದ್ನಿ. ಊರ ಮುಂದ ಒದರಿದ್ದು ನನ್ನ ಲೆಕ್ಕರಿ."

"ಮತ್ತ ನನಗ್ಯಾಕ ಹೇಳಲಿಲ್ಲ?"

"ನಿಮ್ಮ ಮುಂದೂ ಬಾಯಿಗೆ ತರಬ್ಯಾಡ ಅಂದಿದ್ರಲ್ರಿ."

ನಮ್ಮವರು ಮೇಜಿನ ಮೇಲಿದ್ದ ಸುರುಳಿಯೊಂದನ್ನು ತೆಗೆದುಕೊಂಡು, ಒಂದೊಂದೇ ಸುತ್ತು ಬಿಚ್ಚುತ್ತ ಎಣಿಸಿದರು. ನಾವಿಬ್ಬರೂ ನಿಂತೇ ಇದ್ದೆವು. ಕೊನೆಯ, ನೂರಾ ಹದಿನೆಂಟನೆಯ ಸುತ್ತು ಬಿಚ್ಚಿದ ಮೇಲೆ ನಕ್ಷೆಯಲ್ಲಿದ್ದ ತಮ್ಮ ನೂರಾ ಹತ್ತನ್ನು ಹೊಡೆದುಹಾಕಿ, ಪೆನ್ನನ್ನು ಅವಳ ಮುಂದೆ ಹಿಡಿದರು.

"ನನಗ ಬರೆಯಾಕ ಬರಂಗಿಲ್ರಿ" ಎಂದಳು ಅಮೀನಬಿ.

"ಹಂಗಾದ್ರ ಹೇಳು" ಎಂದರು. "ಗಟ್ಟಿಯಾಗಿ ಹೇಳು, ನಾ ಬರ್ಕೋತೇನಿ."