ಚಷ್ಮಾ ನಡೆಯುವುದಿಲ್ಲ ಎಂದ ಮಧ್ಯಾಹ್ನ

ಹೊಸ ಚಷ್ಮಾದ ಡಬ್ಬಿ ತೆರೆದರೆ ಒಂದು ವಾಸನೆ ಬರುತ್ತದೆ. ಅರ್ಧ ರಬ್ಬರಿನದು, ಅರ್ಧ ಹೊಸ ಬಟ್ಟೆಯದು. ಈ ವರ್ಷದ ವೈದ್ಯಕೀಯ ತಪಾಸಣೆ ಮುಗಿದ ಮೇಲೆ ಅಂಥ ಎರಡು ಡಬ್ಬಿ ನನ್ನ ಕೈಗೆ ಬಂದವು. ಎರಡು ಯಾಕೆಂದರೆ, ನನ್ನ ಪ್ರಮಾಣಪತ್ರದ ಕೆಳಗೆ ಡಾಕ್ಟರು ಹೊಸದಾಗಿ ಒಂದು ಸಾಲು ಸೇರಿಸಿದ್ದರು. ಇನ್ನು ಮುಂದೆ ವಿಮಾನ ನಡೆಸುವಾಗ ಚಷ್ಮಾ ಹಾಕಿಕೊಂಡಿರಬೇಕು, ಇನ್ನೊಂದು ಜೋಡಿ ಕೈಗೆ ಸಿಗುವಂತೆ ಇರಬೇಕು. ಅಷ್ಟೇ. ಗಾಬರಿಯಾಗುವಂಥದ್ದು ಏನೂ ಇರಲಿಲ್ಲ. ನಮ್ಮ ಕಂಪನಿಯ ಪೈಲಟ್‌ಗಳಲ್ಲಿ ಅದೆಷ್ಟೋ ಜನ ಚಷ್ಮಾದವರೇ. ಅಂಗಡಿಯವನು ಅದನ್ನು ನನ್ನ ಮೂಗಿನ ಮೇಲೆ ಕೂಡಿಸಿ ಕನ್ನಡಿ ಹಿಡಿದ. ನಾನು ಮುಖ ತಿರುಗಿಸಿದೆ. ಫ್ರೇಮು ಮನಸ್ಸಿಗೆ ಬರಲಿಲ್ಲವೆಂದುಕೊಂಡು ಅವನು ಬೇರೆಯದು ತರಲು ಒಳಗೆ ಹೋದ... ನನಗೆ ಬನಹಟ್ಟಿಯ ಸರ್ ನೆನಪಾಗಿದ್ದರು.

ಅವರು ಹೈಸ್ಕೂಲಿನಲ್ಲಿ ನಮಗೆ ಗಣಿತ, ವಿಜ್ಞಾನ ಕಲಿಸಿದವರು. ಅವರ ಮನೆಯಿದ್ದ ಓಣಿಯ ತುಂಬ ಮಗ್ಗಗಳು. ಹಗಲೆಲ್ಲ ಖಟಖಟ ಶಬ್ದ. ಆ ಶಬ್ದದ ಮೇಲೆ ಮಾತಾಡಿ ಮಾತಾಡಿ ಅವರ ದನಿಯೇ ದೊಡ್ಡದಾಗಿಬಿಟ್ಟಿತ್ತು. ಕರೆಂಟು ಹೋಗಿ ಮಗ್ಗ ನಿಂತಾಗಲೂ ಅಷ್ಟೇ ಎತ್ತರದ ದನಿಯಲ್ಲಿ ಮಾತಾಡುತ್ತಿದ್ದರು, ಆಮೇಲೆ ತಾವೇ ನಗುತ್ತಿದ್ದರು. ಅವರ ಇನ್ನೊಂದು ಗುಣವನ್ನು ಬೇರೆ ಯಾವ ಮಾಸ್ತರರಲ್ಲೂ ನಾನು ಕಾಣಲಿಲ್ಲ. ಕ್ಲಾಸಿನಲ್ಲಿ ಯಾರಾದರೂ ಕೇಳಿದ್ದಕ್ಕೆ ಉತ್ತರ ಬರದಿದ್ದರೆ, ಗೊತ್ತಿಲ್ಲ ಎಂದು ನೇರವಾಗಿ ಹೇಳಿಬಿಡುತ್ತಿದ್ದರು. ಹೇಳಿ ಸುಮ್ಮನಾಗುತ್ತಿರಲಿಲ್ಲ. ಎರಡು ದಿನ ಬಿಟ್ಟು ಎಲ್ಲಿಂದಲೋ ಕೇಳಿಕೊಂಡು ಬಂದು, ಪ್ರಶ್ನೆ ಕೇಳಿದವನನ್ನೇ ಎಬ್ಬಿಸಿ ನಿಲ್ಲಿಸಿ ಉತ್ತರ ಹೇಳುತ್ತಿದ್ದರು.

ನಾನು ಪೈಲಟ್ ಆಗುತ್ತೇನೆಂದು ಮೊದಲು ಹೇಳಿದ್ದೂ ಅವರ ಮುಂದೆಯೇ. ರಬಕವಿಯಲ್ಲಿ ನಮ್ಮಪ್ಪನದು ನೂಲಿನ ಅಂಗಡಿ. ಮನೆಯಲ್ಲಿ ಈ ಮಾತು ಎತ್ತಿದಾಗ ಅಪ್ಪ ನಕ್ಕಿದ್ದ. ಸರ್ ನಗಲಿಲ್ಲ. ಅದಕ್ಕೆ ಏನು ಓದಬೇಕೋ ತಮಗೆ ಗೊತ್ತಿಲ್ಲ ಎಂದರು. ಮುಂದಿನ ರವಿವಾರ ಬಸ್ಸು ಹಿಡಿದು ಬೆಳಗಾವಿಗೆ ಹೋದರು. ವಿಮಾನ ನಿಲ್ದಾಣದ ಗೇಟಿನಲ್ಲಿ ಒಳಗೆ ಬಿಡಲಿಲ್ಲವಂತೆ. ಹೊರಗೆ ಚಹಾದ ಅಂಗಡಿಯಲ್ಲಿ ಕೂತು, ಡ್ಯೂಟಿ ಮುಗಿಸಿ ಬಂದ ಒಬ್ಬರನ್ನು ಮಾತಿಗೆಳೆದು, ಎಲ್ಲ ಬರೆದುಕೊಂಡು ಸಂಜೆ ಬಸ್ಸಿಗೆ ವಾಪಸು ಬಂದರು. ಮರುದಿನ ನಮ್ಮ ಅಂಗಡಿಗೆ ಬಂದು ಅಪ್ಪನ ಮುಂದೆ ಕೂತರು. ಪಿಯುಸಿಯಲ್ಲಿ ಭೌತಶಾಸ್ತ್ರ, ಗಣಿತ ಇರಲೇಬೇಕು, ಕಿವಿ ಕಣ್ಣು ಎಲ್ಲ ಪರೀಕ್ಷೆ ಮಾಡುತ್ತಾರೆ ಎಂದರು. ಕಲಿತು ಮುಗಿಸಿದ ಮೇಲೂ ನೌಕರಿ ತಕ್ಷಣ ಸಿಗುವುದಿಲ್ಲ, ವರ್ಷಗಟ್ಟಲೆ ಕಾಯುವವರಿದ್ದಾರೆ, ಕಂಪನಿಗಳು ಮುಚ್ಚಿಹೋಗುತ್ತವೆ ಎಂಬುದನ್ನೂ ಬಿಡದೆ ಹೇಳಿದರು. ನನಗೆ ಸಿಟ್ಟು ಬಂತು. ಇದನ್ನೆಲ್ಲ ಅಪ್ಪನ ಮುಂದೆ ಯಾಕೆ ಹೇಳಬೇಕಾಗಿತ್ತು ಎಂದು ಆಮೇಲೆ ಕೇಳಿದೆ.

"ಛಲೋದಷ್ಟ ಹೇಳಿ ಕಳಿಸಿದ್ರ ನಾಳೆ ನೀ ಅಲ್ಲಿ ಒಬ್ಬನ ನಿಂತಾಗ ನನ್ನ ಬೈತಿ" ಎಂದರು.

ನನ್ನ ಕಣ್ಣು ಚೆನ್ನಾಗಿದ್ದವು. ಚಷ್ಮಾದ ಮಾತು ಆಗ ಬರಲೇ ಇಲ್ಲ. ಗಲಗಲಿಯ ಹತ್ತಿರ ಅವ್ವನ ಪಾಲಿಗೆ ಬಂದಿದ್ದ ಹೊಲ ಮಾರಿ ಅಪ್ಪ ಅವ್ವ ನನ್ನನ್ನು ಕಳಿಸಿದರು. ನಾನು ಕಲಿತೆ, ಎರಡು ವರ್ಷ ಕಾದೆ, ಅಗ್ಗದ ಟಿಕೆಟ್ಟಿನ ಒಂದು ಕಂಪನಿಯಲ್ಲಿ ನೌಕರಿ ಸಿಕ್ಕಿತು. ಊರಿಗೆ ನಾನು ಅಂದಿನಿಂದಲೇ ಕ್ಯಾಪ್ಟನ್.

ಖರೆ ಹೇಳಬೇಕೆಂದರೆ ನಾನು ಕ್ಯಾಪ್ಟನ್ ಆಗಿರಲಿಲ್ಲ. ಬಲಗಡೆ ಸೀಟಿನಲ್ಲಿ ಕೂಡುವ ಸಹಾಯಕ ಪೈಲಟ್. ಏಳು ವರ್ಷ ಅದೇ ಸೀಟು. ನನ್ನ ಜೊತೆಯವರು ಕೆಲವರು ಎಡಗಡೆಯ ಕ್ಯಾಪ್ಟನ್ ಸೀಟಿಗೆ ಹೋದರು, ಕೆಲವರು ಕೊಲ್ಲಿ ದೇಶದ ಕಂಪನಿಗಳಿಗೆ ಹೋದರು. ನಾನು ಬಡ್ತಿಯ ಪರೀಕ್ಷೆಗೆ ಕೂತೆ. ನೆಲದ ಮೇಲೆಯೇ ಇರುವ, ವಿಮಾನದ ಹಾಗೆ ಅಲುಗಾಡುವ ಯಂತ್ರದಲ್ಲಿ ಎರಡು ದಿನ ನೋಡುತ್ತಾರೆ. ಎರಡನೆಯ ದಿನ ಒಂದು ಎಂಜಿನ್ನಿಗೆ ಬೆಂಕಿ ಬಿತ್ತೆಂದು ತೋರಿಸಿದಾಗ ನಾನು ಗಡಿಬಿಡಿಯಾಗಿ ಮಾಡಬಾರದ್ದನ್ನು ಮಾಡಿದೆ. ನಪಾಸು. ಅದೇ ಹೊತ್ತಿಗೆ ಕಂಪನಿ ಬಾಡಿಗೆಗೆ ತಂದ ವಿಮಾನಗಳನ್ನು ವಾಪಸು ಕೊಡುತ್ತಿದೆ, ಬಡ್ತಿಗಳೆಲ್ಲ ನಿಲ್ಲುತ್ತವೆ ಎಂಬ ಸುದ್ದಿ ಹಬ್ಬಿತು. ಇಲ್ಲೇ ಸಾಲಿನಲ್ಲಿ ನಿಲ್ಲುವುದೋ, ಬೇರೆ ಕಡೆ ಹೋಗಿ ಎಲ್ಲರಿಗಿಂತ ಕಿರಿಯನಾಗಿ ಮತ್ತೆ ಶುರು ಮಾಡುವುದೋ... ಬೇರೆ ಕಂಪನಿಯ ಅರ್ಜಿ ಅರ್ಧ ತುಂಬಿ ಬ್ಯಾಗಿನಲ್ಲಿಟ್ಟುಕೊಂಡು ತಿರುಗುತ್ತಿದ್ದೆ. ಮನೆಯಲ್ಲಿ ಯಾರಿಗೂ ಇದು ಗೊತ್ತಿರಲಿಲ್ಲ.

ಆಗಲೇ ಸರ್ ಫೋನ್ ಮಾಡಿದ್ದು. ಅವರು ನಿವೃತ್ತರಾಗಿ ಬಹಳ ದಿನವಾಗಿದ್ದರೂ ಶಾಲೆಯ ನಂಟು ಬಿಟ್ಟಿರಲಿಲ್ಲ. ಮಕ್ಕಳ ಮುಂದೆ ನಾಲ್ಕು ಮಾತಾಡಬೇಕು, ಡ್ರೆಸ್ಸು ಹಾಕಿಕೊಂಡೇ ಬರಬೇಕು ಎಂದರು. ಹೋದೆ. ಹಲಗೆಯ ಮೇಲೆ ನನ್ನ ಹೆಸರಿನ ಹಿಂದೆ ಕ್ಯಾಪ್ಟನ್ ಎಂದು ಬಣ್ಣದ ಸೀಮೆಸುಣ್ಣದಲ್ಲಿ ಬರೆದಿದ್ದರು. ಭಾಷಣ ಮಾಡಿದವರೆಲ್ಲ ಹಾಗೆಯೇ ಕರೆದರು. ನಾನು ತಿದ್ದಲಿಲ್ಲ.

ಕಾರ್ಯಕ್ರಮ ಮುಗಿದ ಮೇಲೆ ಸರ್ ತಮ್ಮ ಮನೆಗೆ ಊಟಕ್ಕೆ ಕರೆದುಕೊಂಡು ಹೋದರು. ಓಣಿಯ ಹತ್ತಿಪ್ಪತ್ತು ಜನ ಪಡಸಾಲೆಯಲ್ಲಿ ಸೇರಿದ್ದರು. ಸರ್ ಅವರ ಮೊಮ್ಮಗಳು ಅಲ್ಲಿದ್ದಳು. ಬೀಳಗಿಗೆ ಕೊಟ್ಟ ಮಗಳ ಮಗಳು, ಶಾಲೆಗಾಗಿ ಅಜ್ಜನ ಮನೆಯಲ್ಲಿದ್ದವಳು. ಹತ್ತನೆಯ ಪರೀಕ್ಷೆ ಮುಗಿಸಿದ್ದಳು. ತೆಳ್ಳಗಿನ ಹುಡುಗಿ, ದಪ್ಪ ಗಾಜಿನ ಚಷ್ಮಾ. ಇವಳಿಗೂ ಪೈಲಟ್ ಆಗುವ ಆಸೆ, ಅದಕ್ಕೇ ನಿನ್ನನ್ನು ಕರೆಸಿದೆ ಎಂದರು ಸರ್. ಅವಳು ನೋಟ್‌ಬುಕ್ಕಿನಲ್ಲಿ ಪ್ರಶ್ನೆ ಬರೆದುಕೊಂಡು ಕೂತಿದ್ದಳು. ದಿನಕ್ಕೆ ಎಷ್ಟು ತಾಸು ಹಾರಿಸುತ್ತೀರಿ, ಮಳೆ ಬಂದರೆ ಏನು ಮಾಡುತ್ತೀರಿ ಎಂದೆಲ್ಲ ಕೇಳಿದಳು. ನಾನು ದೊಡ್ಡವನ ಹಾಗೆ ಉತ್ತರ ಕೊಡುತ್ತಿದ್ದೆ. ಆಮೇಲೆ ಅವಳು ನನ್ನ ಭುಜ ನೋಡಿದಳು.

"ಅಣ್ಣಾರ, ನಿಮ್ಮ ಅಂಗಿ ಮ್ಯಾಲ ಮೂರ ಪಟ್ಟಿ ಅದಾವಲ್ರಿ. ಕ್ಯಾಪ್ಟನ್ನರಿಗೆ ನಾಕ ಇರ್ತಾವಂತ ಓದೇನ್ರಿ."

ಅವಳ ದನಿಯಲ್ಲಿ ಕುಹಕವಿರಲಿಲ್ಲ. ತಾನು ಓದಿದ್ದು ಸರಿಯೋ ತಪ್ಪೋ ತಿಳಿಯಬೇಕಾಗಿತ್ತು, ಅಷ್ಟೇ. ಅಜ್ಜನ ಗುಣ. ಆದರೆ ಪಡಸಾಲೆಯಲ್ಲಿ ಕೂತವರೆಲ್ಲ ನನ್ನ ಭುಜದ ಕಡೆ ನೋಡಿದರು. ಒಬ್ಬರು ಬೆರಳು ಮಾಡಿ ಎಣಿಸಿಯೂ ಎಣಿಸಿದರು. ನನ್ನ ಕಿವಿ ಬಿಸಿಯಾದವು. ಒಂದೊಂದು ಕಂಪನಿಯಲ್ಲಿ ಒಂದೊಂದು ಪದ್ಧತಿ ಎಂದು ಏನೋ ಹೇಳಿ ತೇಲಿಸಿದೆ. ಅವಳು ತಲೆಯಾಡಿಸಿ ನೋಟ್‌ಬುಕ್ಕಿನಲ್ಲಿ ಅದನ್ನೂ ಬರೆದುಕೊಂಡಳು.

ಆಗ ಸರ್ ಕೇಳಿದರು. "ತಮ್ಮಾ, ಹುಡುಗಿಗೆ ಚಷ್ಮಾ ಐತಿ ನೋಡು. ಚಷ್ಮಾ ಇದ್ದವರನ್ನ ತಗೋತಾರೇನು? ನೀ ಒಳಗಿದ್ದಾಂವ. ನೀ ಹೇಳಿದ್ದ ಖರೆ."

ಉತ್ತರ ನನಗೆ ಗೊತ್ತಿತ್ತು. ಚಷ್ಮಾ ಹಾಕಿದ ಮೇಲೆ ಕಣ್ಣು ಸರಿಯಾಗಿ ಕಂಡರೆ ಆಯಿತು. ಅದನ್ನು ಹೇಳಲು ಒಂದು ಉಸಿರು ಸಾಕಾಗಿತ್ತು.

"ಇಲ್ರಿ ಸರ್, ಚಷ್ಮಾ ನಡಿಯೂದಿಲ್ಲ" ಎಂದೆ.

ನಡೆಯುತ್ತದೆಂದು ಓದಿದ್ದೇನೆ ಎಂದು ಹುಡುಗಿ ಮೆಲ್ಲಗೆ ಹೇಳಿದಳು. ಓದುವುದು ಬೇರೆ, ಕಂಪನಿಯವರು ತೆಗೆದುಕೊಳ್ಳುವುದು ಬೇರೆ ಎಂದೆ. ಒಂದು ಜಾಗಕ್ಕೆ ನೂರು ಜನ ನಿಂತಿರುವಾಗ ಚಷ್ಮಾದವರನ್ನು ಯಾರು ಕೇಳುತ್ತಾರೆ ಎಂದೂ ಸೇರಿಸಿದೆ. ಆ ಮಾತನ್ನು ಇಷ್ಟು ಸಲೀಸಾಗಿ ಹೇಗೆ ಆಡಿದೆನೆಂದು ಇಂದಿಗೂ... ಮೂರು ಪಟ್ಟಿ ಎಣಿಸಿದ್ದಕ್ಕೆ ಸೇಡು. ಹದಿನಾರು ವರ್ಷದ ಹುಡುಗಿಯ ಮೇಲೆ. ಬೇರೆ ಯಾವ ಕಾರಣವೂ ಇರಲಿಲ್ಲ. ಅವಳ ಒಳ್ಳೆಯದಕ್ಕೇ ಹೇಳಿದೆ, ಈ ನೌಕರಿಯ ಕಷ್ಟ ಅವಳಿಗೆ ಬೇಡ ಎಂದು ಹಾಗೆ ಹೇಳಿದೆ ಎಂದು ಬಹಳ ವರ್ಷ ನನಗೆ ನಾನೇ ಹೇಳಿಕೊಂಡಿದ್ದೇನೆ. ಅದು ಸುಳ್ಳು. ಕಷ್ಟದ ಮಾತು ಹೇಳಬೇಕೆಂದಿದ್ದರೆ ನನ್ನ ಏಳು ವರ್ಷದ ಕತೆ, ನಪಾಸಾದದ್ದು, ಬ್ಯಾಗಿನೊಳಗಿನ ಅರ್ಜಿ ಎಲ್ಲ ಹೇಳಬೇಕಾಗಿತ್ತು. ಅದನ್ನು ಮುಚ್ಚಿಟ್ಟುಕೊಂಡೇ ಇದನ್ನು ಹೇಳಿದೆ.

ಸರ್ ಮೊಮ್ಮಗಳ ತಲೆ ಸವರಿ, ಮೊದಲೇ ತಿಳಿದದ್ದು ಛಲೋ ಆತು ಎಂದರು. ಹುಡುಗಿ ನೋಟ್‌ಬುಕ್ಕು ಮುಚ್ಚಿ ಒಳಗೆ ಹೋದಳು. ಅವಳೇ ತಾಟು ತಂದು ನನಗೆ ಊಟಕ್ಕೆ ಬಡಿಸಿದಳು.

ಎರಡು ದಿನ ಬಿಟ್ಟು ಡ್ಯೂಟಿಗೆ ಹೋದೆ. ಎಡಗಡೆ ಸೀಟಿನಲ್ಲಿದ್ದ ಹಿರಿಯ ಕ್ಯಾಪ್ಟನ್ ಜೇಬಿನಿಂದ ಚಷ್ಮಾ ತೆಗೆದು, ಒರೆಸಿ, ಹಾಕಿಕೊಂಡು, ಎಂದಿನಂತೆ ಹವೆಯ ವರದಿ ಓದಿದರು. ನಾನು ಕಿಟಕಿಯ ಹೊರಗೆ ನೋಡುತ್ತ ಕೂತೆ. ಅಂದೇ ಫೋನ್ ಮಾಡಿ ತಪ್ಪಾಯಿತೆಂದು ಹೇಳಬಹುದಿತ್ತು. ಪಿಯುಸಿಗೆ ಹೆಸರು ಹಚ್ಚಲು ಇನ್ನೂ ತಿಂಗಳಿತ್ತು.

ಅವಳು ಜಮಖಂಡಿಯಲ್ಲಿ ಕಾಮರ್ಸ್ ಸೇರಿದಳೆಂದು ಅವ್ವ ಒಮ್ಮೆ ಮಾತಿನ ನಡುವೆ ಹೇಳಿದಳು. ನಾನು ಹೂಂ ಎಂದೆ. ಮುಂದಿನ ವರ್ಷ ಇನ್ನೊಮ್ಮೆ ಪರೀಕ್ಷೆಗೆ ಕೂತು ಪಾಸಾದೆ. ಕಂಪನಿ ಮುಚ್ಚಲಿಲ್ಲ. ಅರ್ಜಿ ಹರಿದು ಹಾಕಿದೆ. ನಾಲ್ಕನೆಯ ಪಟ್ಟಿ ಬಂತು. ಊರಿನಲ್ಲಿ ಯಾರಿಗೂ ಅದು ಹೊಸ ಸುದ್ದಿಯಾಗಲಿಲ್ಲ.

ಆಮೇಲೊಂದು ದಿನ ಮುಂಜಾನೆ ಸರ್ ಅವರ ಫೋನ್ ಬಂತು. ನಾನು ಹೋಟೆಲಿನ ಕೋಣೆಯಲ್ಲಿ ಕೂತು ಚಹಾ ಕುಡಿಯುತ್ತಿದ್ದೆ. ಪರದೆಯ ಮೇಲೆ ಅವರ ಹೆಸರು ಕಂಡದ್ದೇ ಕೈ ಹಿಂದಾಯಿತು. ಅದು ರಿಂಗಾಗಿ ನಿಂತಿತು. ಮತ್ತೆ ಬರಲಿಲ್ಲ. ನಾನೂ ತಿರುಗಿ ಮಾಡಲಿಲ್ಲ. ಒಂದು ವರ್ಷದ ಮೇಲೆ ಅವರು ಹೋದರೆಂದು ಅವ್ವ ತಿಳಿಸಿದಳು. ಎದೆನೋವು ಬಂದು ಒಂದೇ ದಿನದಲ್ಲಿ ಮುಗಿದಿತ್ತು. ಮಣ್ಣಿಗೆ ಬರಲಾಗುವುದಿಲ್ಲ, ಡ್ಯೂಟಿಯಿದೆ ಎಂದೆ. ಡ್ಯೂಟಿ ಇರಲಿಲ್ಲ. ಎರಡು ದಿನ ರಜೆಯಿತ್ತು.

ಈ ಸಲ ಚಷ್ಮಾ ಬಂದ ಮೇಲೆ ನನಗೆ ತಡೆಯಲಾಗಲಿಲ್ಲ. ರಜೆ ಹಾಕಿ ಊರಿಗೆ ಹೋದೆ, ರವಿವಾರ ಮಧ್ಯಾಹ್ನ ಪಕ್ಕದ ಬನಹಟ್ಟಿಗೆ ನಡೆದೆ. ಸರ್ ಅವರ ಹೆಂಡತಿ ಬೀಳಗಿಗೆ ಮಗಳ ಮನೆಗೆ ಹೋಗಿದ್ದರು. ಬಾಗಿಲು ತೆರೆದವಳು ಮೊಮ್ಮಗಳೇ. ಮುಧೋಳದಲ್ಲಿ ಒಂದು ಸಂಘದ ಆಫೀಸಿನಲ್ಲಿ ಕೆಲಸ ಮಾಡುತ್ತಾಳೆ, ದಿನಾ ಬಸ್ಸಿಗೆ ಹೋಗಿ ಬರುತ್ತಾಳೆ. ಬರ್ರಿ ಅಣ್ಣಾರ ಎಂದು ಕುರ್ಚಿ ಕೊಟ್ಟಳು, ನೀರು ಕೊಟ್ಟಳು. ನಾನು ದಾರಿಯುದ್ದಕ್ಕೂ ಜೋಡಿಸಿಕೊಂಡು ಬಂದ ಮಾತುಗಳೆಲ್ಲ ಮರೆತುಹೋದವು.

"ಅವತ್ತ ನಾ ಹೇಳಿದ್ದು ಸುಳ್ಳವಾ. ಚಷ್ಮಾ ನಡೀತಿತ್ತು. ನನಗ ಗೊತ್ತಿತ್ತು" ಎಂದೆ.

ಅವಳು ಆಶ್ಚರ್ಯಪಡಲಿಲ್ಲ. ಕಟ್ಟೆಯ ಮೇಲೆ ಕೂತು ನಿಧಾನವಾಗಿ ಹೇಳಿದಳು. ಪಿಯುಸಿ ಎರಡನೆಯ ವರ್ಷದಲ್ಲಿ ಅವಳ ಚಷ್ಮಾದ ನಂಬರು ಬದಲಿಸಲು ಅಜ್ಜ ಜಮಖಂಡಿಯ ಕಣ್ಣಿನ ಡಾಕ್ಟರ ಹತ್ತಿರ ಕರೆದುಕೊಂಡು ಹೋಗಿದ್ದರು. ಮಾತಿಗೆ ಮಾತು ಬಂದು, ಈ ಹುಡುಗಿ ಪೈಲಟ್ ಆಗಬೇಕೆಂದಿದ್ದಳು, ಚಷ್ಮಾದಿಂದ ತಪ್ಪಿತು ಎಂದರಂತೆ. ಡಾಕ್ಟರು ನಕ್ಕು, ಹಾಗೆಂದು ಯಾರು ಹೇಳಿದರು ಎಂದು ಕೇಳಿದರಂತೆ. ಅಜ್ಜ ಯಾರ ಹೆಸರನ್ನೂ ಹೇಳಲಿಲ್ಲ. ಮನೆಗೆ ಬಂದ ಮೇಲೆ, ಆಗ ರೂಲು ಹಾಗೇ ಇತ್ತೇನೋ, ಆಮೇಲೆ ಬದಲಾಗಿರಬೇಕು, ಇದನ್ನು ಯಾರ ಮುಂದೂ ಆಡಬೇಡ ಎಂದರಂತೆ.

"ಮರುದಿನ ನಿಮಗ ಫೋನ್ ಮಾಡಿದ್ರು. ನೀವು ಎತ್ತಲಿಲ್ಲ. ಮ್ಯಾಲ ಇರಬೇಕು, ಅಲ್ಲಿ ಫೋನ್ ಹತ್ತೂದಿಲ್ಲ, ಕೆಳಗ ಇಳದ ಮ್ಯಾಲ ತಾನ ಮಾಡ್ತಾನ ಅಂದ್ರು. ಭಾಳ ದಿನ ಫೋನ್ ಕೈಯಾಗ ಹಿಡಕೊಂಡ ಕೂಡ್ತಿದ್ರು."

ನಾನು ತಲೆಯೆತ್ತಲಿಲ್ಲ. ಹೊರಗೆ ಯಾರದೋ ಮಗ್ಗ ಓಡುತ್ತಿತ್ತು. ಅವಳು ಅಳಲಿಲ್ಲ, ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. ಏನಾದರೂ ಮಾಡಬೇಕೆಂಬ ಚಡಪಡಿಕೆಯಲ್ಲಿ ನಾನೇ ಶುರು ಮಾಡಿದೆ. ಈಗಲೂ ದಾರಿ ಇದೆ, ಮುಕ್ತ ಶಾಲೆಯಿಂದ ಭೌತಶಾಸ್ತ್ರ, ಗಣಿತ ಎರಡೇ ವಿಷಯ ಬರೆದರೆ ಆಗುತ್ತದೆ, ವಯಸ್ಸಿನ ತೊಂದರೆ ಇಲ್ಲ ಎಂದೆ. ಈ ಸಲ ಕಷ್ಟವನ್ನೂ ಹೇಳಿದೆ. ಕಲಿತ ಮೇಲೆ ಕಾಯುವುದು, ಬಲಗಡೆ ಸೀಟಿನಲ್ಲಿ ಕಳೆಯುವ ವರ್ಷಗಳು, ದಿನಕ್ಕೆ ನಾಲ್ಕು ಸಲ ಏರಿ ಇಳಿದು ಬಂದರೆ ಊಟ ಬೇಡವಾಗುವುದು, ಕಂಪನಿ ನಾಳೆ ಇರುತ್ತದೋ ಇಲ್ಲವೋ ಎಂಬ ಅಂಜಿಕೆ. ನಾನು ನಪಾಸಾದದ್ದನ್ನೂ ಹೇಳಿದೆ. ಊರಿನಲ್ಲಿ ಅದನ್ನು ಯಾರಿಗಾದರೂ ಹೇಳಿದ್ದು ಅದೇ ಮೊದಲು.

ಅವಳು ಪೂರ್ತಿ ಕೇಳಿಸಿಕೊಂಡಳು. ಚಷ್ಮಾ ತೆಗೆದು ಸೆರಗಿನಿಂದ ಒರೆಸಿ ಮತ್ತೆ ಹಾಕಿಕೊಂಡಳು.

"ಬ್ಯಾರೆಯವರನ್ನೂ ಒಮ್ಮೆ ಕೇಳಿ ನೋಡ್ತೇನ್ರಿ ಅಣ್ಣಾರ" ಎಂದಳು.

ಕೇಳಬೇಕು, ಕೇಳಿಯೇ ಮುಂದುವರಿ ಎಂದೆ. ಅದನ್ನು ಹೇಳುವಾಗ ನನ್ನ ದನಿ ನನಗೇ ಬೇರೆಯವರದ್ದೆನಿಸಿತು. ಅವಳು ಚಹಾ ಮಾಡಲು ಒಳಗೆ ಹೋದಳು. ಬೇಡವೆನ್ನುವ ಹಕ್ಕೂ ನನಗಿರಲಿಲ್ಲ, ಕೂತು ಕುಡಿದೆ.

ಇದಾಗಿ ಮೂರು ತಿಂಗಳಾಯಿತು. ಯಾರನ್ನಾದರೂ ಕೇಳಿದಳೋ, ಕೇಳಿ ಬೇಡವೆಂದು ಬಿಟ್ಟಳೋ ನನಗೆ ಗೊತ್ತಿಲ್ಲ. ನಾನಾಗಿ ವಿಚಾರಿಸಲು ಬಾಯಿ ಬರುವುದಿಲ್ಲ. ಸರ್ ಅವರಿಗೆ ಹೇಳಬೇಕಾಗಿದ್ದ ಮಾತನ್ನು ಅವರ ಮೊಮ್ಮಗಳಿಗೆ ಹೇಳಿ ಬಂದೆ. ಅವರಿಗೆ ಹೇಳಿದ ಹಾಗೆ ಆಗಲಿಲ್ಲ...