ಭಾನುವಾರ ಸಡಿಲವಾಗುವ ಕಡ್ಡಿಗಳು

ನನ್ನ ಸೈಕಲ್ಲಿನ ಕಡ್ಡಿಗಳು ಸಡಿಲವಾಗುತ್ತಿದ್ದದ್ದು ರಸ್ತೆಯಿಂದ ಎಂದೇ ನಮ್ಮ ಮನೆಯಲ್ಲಿ ಈಗಲೂ ಹೇಳುತ್ತಾರೆ. ನಮ್ಮೂರಿಂದ ನರಸಿಂಹರಾಜಪುರಕ್ಕೆ ಹೋಗುವ ರಸ್ತೆಯನ್ನು ಒಮ್ಮೆ ಕಂಡವರು ಎರಡನೇ ಮಾತಿಲ್ಲದೆ ಒಪ್ಪಿಬಿಡುತ್ತಾರೆ. ನಾನು ಒಪ್ಪುವುದಿಲ್ಲ. ರಸ್ತೆಯ ಹೊಂಡಗಳು ವಾರವಿಡೀ ಇರುತ್ತವೆ. ಹಿಂದಿನ ಚಕ್ರದ ಕಡ್ಡಿಗಳು ಮಾತ್ರ ಸೋಮವಾರ ಬೆಳಿಗ್ಗೆಯೇ ಕೈಗೆ ಸಡಿಲ ಸಿಗುತ್ತಿದ್ದವು, ಅದೂ ಭಾನುವಾರ ಸೈಕಲ್ ಜಗಲಿ ಬಿಟ್ಟು ಕದಲದೇ ಇದ್ದಾಗ.

ನಾನು ಪೇಟೆಯ ಜೆರಾಕ್ಸ್ ಅಂಗಡಿಯಲ್ಲಿ ಕೆಲಸಕ್ಕೆ ಸೇರಿದ ಹೊಸತು. ಬೆಳಗಿನ ಬಸ್ಸು ಬರುವಷ್ಟರಲ್ಲಿ ಅಂಗಡಿ ತೆರೆದಿರುತ್ತದೆ, ಸಂಜೆಯ ಬಸ್ಸು ಅಂಗಡಿ ಮುಚ್ಚುವ ಮೊದಲೇ ಹೊರಟಿರುತ್ತದೆ. ಸೈಕಲ್ ಇಲ್ಲವೆಂದರೆ ಕೆಲಸವೂ ಇಲ್ಲ. ಅಪ್ಪನಿಗೆ ಇದು ಸರಿಬರಲಿಲ್ಲ. ದಾರಿಯ ತಿರುವಿನಲ್ಲಿ ಜಲ್ಲಿ ಲಾರಿಗಳು ಹಾರ್ನ್ ಹಾಕದೆ ನುಗ್ಗುತ್ತವೆ, ಬೇರೆ ಕೆಲಸ ನೋಡಿಕೋ ಎನ್ನುತ್ತಿದ್ದ. ಲಾರಿಯವರ ತಪ್ಪಿಗೆ ಕೆಲಸ ಬಿಡಬೇಕಾದವಳು ನಾನೇಕೆ ಎಂದು ಕೇಳಿದ ಮೇಲೆ ಆ ಮಾತನ್ನೇ ಬಿಟ್ಟಿದ್ದ. ವಾದದಲ್ಲಿ ಗೆದ್ದೆ ಎಂದುಕೊಂಡಿದ್ದೆ.

ಒಂದು ಸೋಮವಾರ ಕಡ್ಡಿಗಳನ್ನು ಮುಟ್ಟಿ ನೋಡದೆ ಹೊರಟಿದ್ದಾಗ, ಅದೇ ತಿರುವಿನಲ್ಲಿ ಹಿಂದಿನ ಚಕ್ರ ಓಲಾಡಿ ಬ್ರೇಕಿಗೆ ಉಜ್ಜತೊಡಗಿತು. ನಾನು ಸೈಕಲ್ಲನ್ನು ಚರಂಡಿಯ ಕಡೆಗೆ ಎಳೆದುಕೊಂಡೆ. ಲಾರಿಯೊಂದು ಧೂಳೆಬ್ಬಿಸಿಕೊಂಡು ಪಕ್ಕದಲ್ಲೇ ಹೋಯಿತು. ಸೈಕಲ್ ತಳ್ಳಿಕೊಂಡು ಪೇಟೆಯ ಕಡೆ ನಡೆಯುವಾಗ ನನಗೆ ಮೊದಲು ಅನುಮಾನ ಬಂದದ್ದು ಪೇಟೆಯ ಸೈಕಲ್ ಶಾಪಿನವನ ಮೇಲೆ. ಗಿರಾಕಿ ಮತ್ತೆ ಬರಲಿ ಎಂದು ಅವನೇ ಕಡ್ಡಿಗಳನ್ನು ಅರೆಬರೆ ಬಿಗಿದು ಕಳಿಸುತ್ತಿರಬಾರದೇಕೆ?

"ಎಂತ ಮೇಡಂ, ಹಂಪ್ ಕಂಡಲ್ಲೆಲ್ಲ ಹಾರಿಸ್ತೀರಾ?" ಎಂದ ಅವನು, ನಾನು ಬಾಯಿ ತೆರೆಯುವ ಮೊದಲೇ.

"ಹಾರಿಸಿದ್ರೆ ಮುಂದಿನ ಚಕ್ರಕ್ಕೂ ಏಟು ಬೀಳಬೇಕಿತ್ತಲ್ಲ?"

"ಚಕ್ರಾನೇ ಕೇಳಿ. ನಂಗೆ ಬಿಗಿ ಮಾಡೋದಷ್ಟೇ ಗೊತ್ತು."

ಮುಂದಿನ ಶನಿವಾರ ಅವನ ಎದುರೇ ಕುಳಿತು ಎಲ್ಲ ಕಡ್ಡಿಗಳನ್ನೂ ಬಿಗಿ ಮಾಡಿಸಿದೆ. ಆಮೇಲೆ ಉಗುರಿನ ಬಣ್ಣದ ಬಾಟಲಿ ತೆಗೆದು, ಪ್ರತಿ ಕಡ್ಡಿಯ ತುದಿಯ ಪುಟ್ಟ ನಟ್ಟಿನಿಂದ ರಿಮ್ಮಿನವರೆಗೆ ಒಂದು ಕೆಂಪು ಗೆರೆ ಎಳೆದೆ. ನಟ್ಟು ಚೂರು ತಿರುಗಿದರೂ ಗೆರೆ ತುಂಡಾಗುತ್ತದೆ. "ಸೈಕಲ್ಲಿಗೆ ಮದುವೆ ಉಂಟಾ?" ಎಂದು ಅವನು ನಕ್ಕ. ಅದೇ ರಸ್ತೆ, ಅವೇ ಹೊಂಡಗಳನ್ನು ದಾಟಿ ಮನೆ ಮುಟ್ಟಿದಾಗ ಒಂದು ಗೆರೆಯೂ ಮುರಿದಿರಲಿಲ್ಲ.

ಸೋಮವಾರ ಬೆಳಿಗ್ಗೆ ಹಲವು ಗೆರೆಗಳು ತುಂಡಾಗಿದ್ದವು. ಶಾಪಿನವನು ಪಾರಾದ, ರಸ್ತೆಯೂ ಪಾರಾಯಿತು. ಉಳಿದದ್ದು ನಮ್ಮ ಮನೆ.

ಕಾಫಿ ಕುಡಿಯುವಾಗ ವಿಷಯ ತೆಗೆದೆ, ಯಾರ ಹೆಸರನ್ನೂ ಎತ್ತದೆ. ನಮ್ಮ ಜೊತೆಗೇ ಇರುವ ಅತ್ತೆ, ಅಂದರೆ ಅಪ್ಪನ ತಂಗಿ, ಲೋಟ ಕೆಳಗಿಟ್ಟಳು.

"ಯಾರೋ ಬೇಕಂತಲೇ ಮಾಡ್ತಿದಾರೆ. ಚೌಡಿ ಹೆಸರಲ್ಲಿ ಕಾಯಿ ತೆಗ್ದಿಡ್ತೀನಿ ಇವತ್ತೇ."

ನಮ್ಮ ಮನೆಯಲ್ಲಿ ಅದೊಂದು ರೂಢಿ. ಯಾರು ಮಾಡಿದ್ದೆಂದು ತಿಳಿಯದ ಕೇಡಿಗೆ, ಊರು ಕಾಯುವ ದೇವತೆ ಚೌಡಿಯ ಹೆಸರಿನಲ್ಲಿ ಒಂದು ತೆಂಗಿನಕಾಯಿ ತೆಗೆದಿಡುತ್ತಾರೆ. ಮಾಡಿದವರು ಒಪ್ಪಿಕೊಳ್ಳದಿದ್ದರೆ ಚೌಡಿ ಹೊಟ್ಟೆನೋವೋ ಜ್ವರವೋ ಕೊಟ್ಟು ಅವರನ್ನು ನೋಡಿಕೊಳ್ಳುತ್ತಾಳೆ ಎಂಬ ನಂಬಿಕೆ. ನನಗೆ ಇದರಲ್ಲಿ ಕಾಸಿನಷ್ಟೂ ನಂಬಿಕೆಯಿಲ್ಲ. ಅಪ್ಪನಿಗೆ ಇದೆ.

"ಬೇಡ," ಎಂದ ಅಪ್ಪ. "ಸೈಕಲ್ ಕಡ್ಡಿಗೆಲ್ಲ ಚೌಡೀನ ಎಬ್ಬಿಸ್ತಾರಾ ಮಾರಾಯ್ತಿ?"

"ನಿಂಗೆಂತಕ್ಕೆ ಅಣ್ಣ ಗಾಬರಿ? ರೋಡಿಂದ ಆಗಿದ್ದು ಅಂತ ನೀನೇ ಹೇಳ್ತೀಯಲ್ಲ. ರೋಡಿಗೇ ಹೊಟ್ಟೆನೋವು ಬರ್ಲಿ ಬಿಡು."

ಅತ್ತೆ ತನ್ನ ಮಾತಿಗೆ ತಾನೇ ನಗುತ್ತಾ ಕಾಯಿ ಹುಡುಕಲು ಒಳಗೆ ಹೋದಳು. ಅಪ್ಪ ನಗಲಿಲ್ಲ. "ಕಾಯಿ ಇಡ್ಬೇಡ ಅಂದೆ," ಎಂದು ಇನ್ನೊಮ್ಮೆ ಹೇಳಿದ, ಈ ಸಲ ಮೆಲ್ಲಗೆ.

ನಾನು ಕಣ್ಣಾರೆ ಕಂಡದ್ದೇನೂ ಇಲ್ಲ. ಸಾಕ್ಷಿ ಎಲ್ಲಿ ಎಂದು ಯಾರಾದರೂ ಕೇಳಿದರೆ ಕೊಡಲು ನನ್ನ ಹತ್ತಿರ ಮುರಿದ ಕೆಂಪು ಗೆರೆಗಳು, ಒಂದು ತೆಂಗಿನಕಾಯಿಗೆ ಹೆದರಿದ ಮುಖ, ಇಷ್ಟೇ. ಅಪ್ಪನ ಲೆಕ್ಕಾಚಾರವನ್ನೂ ನಾನೇ ಊಹಿಸಿಕೊಂಡೆ: ಚಕ್ರ ಓಲಾಡುವುದು ಅಂಗಳ ದಾಟುವ ಮೊದಲೇ ಗೊತ್ತಾಗುತ್ತದೆ, ಬೇಸತ್ತು ಒಂದು ದಿನ ಇವಳೇ ಸೈಕಲ್ ಬಿಡುತ್ತಾಳೆ. ಆದರೆ ಆ ಸೋಮವಾರ ನನಗೆ ಅದು ಗೊತ್ತಾದದ್ದು ಅಂಗಳದಲ್ಲಲ್ಲ. ತಿರುವಿನ ವಿಷಯವನ್ನು ನಾನು ಮನೆಯಲ್ಲಿ ಹೇಳಿರಲಿಲ್ಲ. ಆಗ ಹೇಳಿದೆ, ಲಾರಿ ಎಷ್ಟು ಹತ್ತಿರ ಬಂತು ಎಂಬುದನ್ನೂ ಸೇರಿಸಿ. ಅಪ್ಪ ಕಾಫಿಯ ಲೋಟವನ್ನು ಕೈಯಲ್ಲೇ ತಿರುಗಿಸುತ್ತಾ ಕುಳಿತ. ನಾನು ಕೇಳಿದೆ:

"ನಾನು ಲಾರಿ ಕೆಳಗೆ ಬೀಳ್ತೀನಿ ಅಂತ ತಾನೇ ನಿಂಗೆ ಹೆದ್ರಿಕೆ? ಮತ್ತೆ ಸಡಿಲ ಚಕ್ರದಲ್ಲಿ ಹೋದ್ರೆ ಎಲ್ಲಿ ಬೀಳ್ತೀನಿ ಅಂದ್ಕೊಂಡಿದ್ದೆ ಅಪ್ಪ?"