ಮರಳಿನ ಊರಲ್ಲಿ ಹಿಮದ ಹಲಗೆ

ಹಿಮವನ್ನು ನಾನು ಕಣ್ಣಿಂದ ನೋಡಿದವಳಲ್ಲ. ನಾನೀಗ ಇರುವ ಈ ಊರೂ ನೋಡಿಲ್ಲ. ಆದರೂ ಕತಾರಿನ ಈ ದೋಹಾದ ಒಂದು ದೊಡ್ಡ ಅಂಗಡಿಯ ಗೋಡೆಯಲ್ಲಿ ಹಿಮದ ಮೇಲೆ ಜಾರುವ ಹಲಗೆಗಳನ್ನು ಸಾಲಾಗಿ ನೇತು ಹಾಕಿದ್ದರು. ಹೊರಗೆ ಬಿಸಿಲು, ದೂಳು. ಒಳಗೆ ಹಲ್ಲು ಕಟಕಟ ಅನ್ನುವಷ್ಟು ಎ.ಸಿ. ಅದರಲ್ಲಿ ಒಂದು ಹಲಗೆಯ ಬೆಲೆ ಕೇಳಿ ನಾನು ಮಗನ ತೋಳು ಹಿಡಿದುಕೊಂಡೆ. ಅಷ್ಟು ದುಡ್ಡಿಗೆ ನಮ್ಮ ಕಡೆ, ಹಳೆಯದಾದರೂ, ಒಂದು ಸಣ್ಣ ದೋಣಿ ಬರುತ್ತದೆ.

ನಾನು ಕಡಲ ಬದಿಯವಳು. ತಲೆಯ ಮೇಲೆ ಬುಟ್ಟಿ ಹೊತ್ತು ಮನೆಮನೆಗೆ ಮೀನು ಮಾರಿದವಳು. ಶಾಲೆ ನಾಲ್ಕನೇ ಕ್ಲಾಸಿಗೆ ಮುಗಿಯಿತು. ಇದರಲ್ಲಿ ಅಕ್ಷರ ತಪ್ಪಿದ್ದರೆ ತಿದ್ದಿಕೊಂಡು ಓದಿ. ಸಿಟ್ಟನ್ನು ಮಾತ್ರ ತಿದ್ದಬೇಡಿ.

ಮಗ ಸುಧಾಕರ ಮೆಸಯೀದಿನ ಒಂದು ಪ್ಲಾಂಟಿನಲ್ಲಿ ಟೆಕ್ನೀಶಿಯನ್. ಬೆಳಗಾಗುವ ಮೊದಲೇ ಕಂಪನಿ ಬಸ್ಸು ಬಂದು ಅವನನ್ನು ಕರೆದುಕೊಂಡು ಹೋಗುತ್ತದೆ. ಸೊಸೆ ಶಾಲಿನಿ ನರ್ಸ್. ಮಗುವನ್ನು ನೋಡಿಕೊಳ್ಳಲಿಕ್ಕೆ ಜನ ಇಲ್ಲವೆಂದು ನನ್ನನ್ನು ಕರೆಸಿಕೊಂಡರು. ಅಲ್ ಥುಮಾಮಾದಲ್ಲಿ ನಮ್ಮ ಬಾಡಿಗೆ ಮನೆ. ವಿಮಾನ ನೆತ್ತಿಯ ಮೇಲೇ ಹೋಗುತ್ತದೆ, ಪಾತ್ರೆಗಳು ಗಡಗಡ ಅನ್ನುತ್ತವೆ. ಊರಲ್ಲಿ ಕಡಲಿನ ಸದ್ದು ಕೇಳದೆ ನಿದ್ದೆ ಬರುತ್ತಿರಲಿಲ್ಲ, ಇಲ್ಲಿ ವಿಮಾನದ ಸದ್ದು ನಿಂತರೆ ಎಚ್ಚರವಾಗುತ್ತದೆ. ಇಷ್ಟು ಬೇಗ ಹೀಗಾದೆನಲ್ಲ ಎಂದು ನನ್ನ ಮೇಲೆಯೇ ನನಗೆ ಕೋಪ.

ಮೊಮ್ಮಗಳು ಶ್ರಾವ್ಯ. ಅವಳ ಸುದ್ದಿ ಶುರು ಮಾಡಿದರೆ ಹಾಳೆ ಸಾಲದು. ಇಂಗ್ಲಿಷ್ ಶಾಲೆಯ ಹುಡುಗಿ, ಕನ್ನಡ ಅರ್ಧ, ತುಳು ಕಾಲು. ಆದರೆ ಬಂಗುಡೆ ಮೀನಿನ ಮುಳ್ಳು ಬಿಡಿಸುವುದನ್ನು ನೋಡಿದರೆ ನಮ್ಮ ರಕ್ತವೇ ಅನ್ನಿಸುತ್ತದೆ. ಅವಳು ಶಾಲೆಯಿಂದ ಬಂದು ಚಪ್ಪಲಿ ಬಿಡುವ ಸದ್ದಿಗೆ ನನ್ನ ಮಂಡಿನೋವೇ ಹೋಗುತ್ತದೆ.

ಹಿಂದಿನ ಚಳಿಗಾಲದಲ್ಲಿ ಶಾಲೆಯ ಮಕ್ಕಳೆಲ್ಲ ಮೆಸಯೀದಿನ ಆಚೆಯ ಮರಳುಗುಡ್ಡಕ್ಕೆ ಹೋಗಿದ್ದರು. ಉಳಿದವರು ಹಲಗೆಯ ಮೇಲೆ ಜಾರಿದರೆ ನಮ್ಮವಳು ಅಡುಗೆಮನೆಯ ಟ್ರೇ ಮೇಲೆ ಕೂತು ಜಾರಿದಳು. ಅಂದಿನಿಂದ ಅವಳಿಗೆ ಕ್ಲಾಸಿನಲ್ಲಿ ‘ಟ್ರೇ’ ಎಂದೇ ಹೆಸರು. ಈ ಸಲ ಅವಳ ಹುಟ್ಟುಹಬ್ಬ ಅದೇ ಗುಡ್ಡದಲ್ಲಿ, ಅದೇ ಮಕ್ಕಳ ಎದುರು. ಆ ಹೆಸರು ಅಳಿಸಲೇಬೇಕೆಂದು ಮಗು ಹಟ ಹಿಡಿದಿತ್ತು. ಅದಕ್ಕೇ ಆ ಅಂಗಡಿ.

ಅಂಗಡಿಯಲ್ಲಿ ಇನ್ನೊಂದು ಬಗೆಯ ಹಲಗೆಯೂ ಇತ್ತು. ಕಡಿಮೆ ಬೆಲೆಯದ್ದು, ಅಡಿಯಲ್ಲಿ ಊಟದ ಮೇಜಿಗೆ ಅಂಟಿಸುವಂಥ ಗಟ್ಟಿ ಹಾಳೆ. ಎರಡಕ್ಕೂ ವ್ಯತ್ಯಾಸ ಏನೆಂದು ನನ್ನ ಹರಕು ಹಿಂದಿಯಲ್ಲಿ ಕೇಳಿದೆ. ಕ್ವಾಲಿಟಿ ಎಂದ ಮಾರುವವನು. ಯಾವ ಕ್ವಾಲಿಟಿ ಎಂದರೆ ಬೆಲೆಯ ಚೀಟಿಯನ್ನು ತಿರುಗಿಸಿ ನನ್ನ ಮುಖಕ್ಕೆ ಹಿಡಿದ. ಮರಳಿಗೆ ಆಗುತ್ತದಾ ಎಂದದ್ದಕ್ಕೆ, ಇಷ್ಟು ರೇಟಿನದ್ದು ಎಲ್ಲದಕ್ಕೂ ಆಗುತ್ತದೆ ಎಂದ.

ನನಗೆ ನಗು ಬಂತು, ಉರಿಯೂ ಬಂತು. ನಾನು ಮೀನು ಮಾರುವಾಗ ಬೆಳಿಗ್ಗೆ ಒಂದು ರೇಟು, ಮಧ್ಯಾಹ್ನ ಒಂದು ರೇಟು, ಕಾರು ನಿಲ್ಲಿಸಿದವರಿಗೆ ಇನ್ನೊಂದು, ಬುಟ್ಟಿಯೊಳಗೆ ಅದೇ ಬಂಗುಡೆ. ಬೆಲೆ ಹೇಳುವುದು ಬಾಯಿ. ಮೀನು ಹೇಗಿದೆಯೆಂದು ಹೇಳುವುದು ಅದರ ಕಿವಿರು, ಎತ್ತಿದರೆ ಒಳಗೆ ಕೆಂಪಿರಬೇಕು. ಈ ಹಲಗೆಗೆ ಕಿವಿರು ಎಲ್ಲಿ? ನಾನು ಅರ್ಧ ಬೆಲೆಗೆ ಕೇಳಿದೆ. ಸುಧಾಕರ ಮುಖ ಕೆಂಪು ಮಾಡಿಕೊಂಡು ಬಾಗಿಲ ಹತ್ತಿರ ಹೋಗಿ ನಿಂತ. ಆಮೇಲೆ ಬಂದು ದುಬಾರಿಯದ್ದನ್ನೇ ಕೊಂಡ.

ತಂದ ಮೇಲೆ ಅದರ ಸೇವೆಯಾಗಬೇಕಲ್ಲ. ನಮ್ಮಲ್ಲಿ ದೋಣಿಯನ್ನು ಮರಳಿನ ಮೇಲೆ ಎಳೆಯುವಾಗ ಅಡಿಗೆ ಹಲಗೆ ಇಟ್ಟು ಮೀನೆಣ್ಣೆ ಬಳಿಯುತ್ತಾರೆ. ಹತ್ತು ಜನ ಎಳೆಯುವ ದೋಣಿ ಐದು ಜನಕ್ಕೆ ಬರುತ್ತದೆ. ಮೀನೆಣ್ಣೆ ಇಲ್ಲಿ ಎಲ್ಲಿಂದ ತರಲಿ? ಗುರುವಾರ ಸಂಜೆ ತೆಂಗಿನೆಣ್ಣೆ ತೆಗೆದು ಹಲಗೆಯ ಹೊಟ್ಟೆಗೆ ಚೆನ್ನಾಗಿ ತಿಕ್ಕಿದೆ, ಬಾಣಂತಿಗೆ ತಿಕ್ಕಿದ ಹಾಗೆ. ಬೆಳಗಾಗುವಾಗ ಒಂದು ಹನಿಯೂ ಮೇಲಿರಲಿಲ್ಲ, ಎಲ್ಲ ಕುಡಿದಿತ್ತು. ಒಳ್ಳೆಯದಾಯಿತೆಂದು ಇನ್ನಷ್ಟು ತಿಕ್ಕಿದೆ.

ಶುಕ್ರವಾರ ಗುಡ್ಡದ ನೆತ್ತಿಯಲ್ಲಿ ಶ್ರಾವ್ಯ ಹಲಗೆಯ ಮೇಲೆ ನಿಂತಳು. ಕೆಳಗೆ ಮಕ್ಕಳು ಕಾಯುತ್ತಿದ್ದರು. ಮೈ ಬಗ್ಗಿಸಿದಳು. ಹಲಗೆ ಅಲುಗಲಿಲ್ಲ. ತಿರುಗಿಸಿ ನೋಡಿದರೆ ಅಡಿಯ ತುಂಬ ಮರಳು, ರವೆಯಲ್ಲಿ ಹೊರಳಿಸಿದ ಮೀನಿನ ಹಾಗೆ. ನಮ್ಮ ಕಡಲಿನ ಒದ್ದೆ ಮರಳು ಎಣ್ಣೆಗೆ ಅಂಟದೆ ಜಾರಿ ಹೋಗುತ್ತದೆ. ಇಲ್ಲಿನ ಒಣ ಮರಳು ಅಪ್ಪಿ ಹಿಡಿಯುತ್ತದೆ. ಇದನ್ನು ನನಗೆ ಹೇಳುವವರು ಯಾರು?

“ಇದಕ್ಕೆ ಎಣ್ಣೆ ಹಾಕ್ಲಿಕ್ಕೆ ನಿನಗೆ ಯಾರು ಹೇಳಿದ್ದಮ್ಮ?” ಎಂದ ಸುಧಾಕರ, ಹಲ್ಲು ಕಚ್ಚಿ.

“ಯಾರು ಹೇಳ್ಬೇಕು? ಮರಳು ಅಂದ್ರೆ ಎಂತ ಅಂತ ನನಗೆ ಗೊತ್ತುಂಟು ಮಾರಾಯ.”

“ಗೊತ್ತಿದ್ದದ್ದು ಕಂಡಿತಲ್ಲ.”

ಕೆಳಗಿನಿಂದ ಯಾವನೋ ಟ್ರೇ ಟ್ರೇ ಎಂದು ಕೂಗಿದ. ನಾನು ಹೆಂಗಸಾಗಿ, ಮುದುಕಿಯಾಗಿ, ಆ ಗುಡ್ಡ ಇಳಿದು ಅವನ ಕಿವಿ ಹಿಂಡಿ ಬರುವವಳೇ ಇದ್ದೆ. ಶ್ರಾವ್ಯ ಮಾತ್ರ ಅಳಲಿಲ್ಲ. ಕಾಗದದಿಂದ ಹಲಗೆಯನ್ನು ಒರೆಸಿದಳು, ಅವಳ ಅಮ್ಮನ ಕೈಯಿಂದ ಕೇಕಿನ ಮೇಣದಬತ್ತಿಗಳ ಪೊಟ್ಟಣ ಕಿತ್ತುಕೊಂಡು ಒಂದೊಂದನ್ನೇ ಅದರ ಹೊಟ್ಟೆಗೆ ಉಜ್ಜಿದಳು. “ಸೂಟ್‌ಕೇಸಿನ ಜಿಪ್ಪು ಸಿಕ್ಕಿಕೊಂಡಾಗ ಅಜ್ಜಿ ಹೀಗೇ ಮಾಡಿದ್ದು,” ಎಂದಳು. ಅಷ್ಟು ಕೋಪದಲ್ಲೂ ನನ್ನ ಎದೆ ಉಬ್ಬಿತು. ಅವಳು ನೋಡುತ್ತಿದ್ದಳಲ್ಲ, ನಾನು ಮಾಡುವುದನ್ನೆಲ್ಲ.

ಹಲಗೆ ಹೊರಟಿತು. ಅರ್ಧ ಗುಡ್ಡ ಇಳಿದು ನಿಂತುಬಿಟ್ಟಿತು.

ಅವಳ ಕ್ಲಾಸಿನ ಒಬ್ಬ ಹುಡುಗನ ಅಪ್ಪ, ಲೆಬನಾನಿನವರು, ಹತ್ತಿರ ಬಂದು ಹಲಗೆಯನ್ನು ಮುಟ್ಟಿ ನೋಡಿದರು. ಅವರ ಊರಲ್ಲಿ ಹಿಮದ ಬೆಟ್ಟ ಉಂಟಂತೆ. ಇದು ಬಹಳ ಒಳ್ಳೆಯ ಹಲಗೆ, ಆದರೆ ಹಿಮದ್ದು, ಇದರ ಅಡಿ ಮೆತ್ತಗೆ, ಮರಳಿಗೆ ಗಟ್ಟಿ ಹಾಳೆಯ ಕಡಿಮೆ ಬೆಲೆಯ ಹಲಗೆಯೇ ಸರಿ ಎಂದರು. ಅವರ ಮಗನ ಕೈಯಲ್ಲಿ ಅದೇ ಇತ್ತು. ಶ್ರಾವ್ಯ ಅದನ್ನು ಕೇಳಿ ಪಡೆದು ಮತ್ತೆ ಗುಡ್ಡ ಹತ್ತಿದಳು. ಈ ಸಲ ಬುಡದವರೆಗೂ, ನಿಂತುಕೊಂಡೇ, ಕೂದಲು ಹಾರಿಸಿಕೊಂಡು ಬಂದಳು. ನಾನು ಸೀರೆ ಎತ್ತಿ ಕಟ್ಟಿ ಓಡಿದೆ. ಅವಳ ಹಲ್ಲಿನಲ್ಲೂ ಮರಳು, ನನ್ನ ಹಲ್ಲಿನಲ್ಲೂ ಮರಳು.

ಮರುದಿನ ಹಲಗೆ ಹಿಡಿದು ಅಂಗಡಿಗೆ ಹೋದೆವು. ಮಾಫಿ, ಅಂದರೆ ಇಲ್ಲ, ವಾಪಸು ತೆಗೆದುಕೊಳ್ಳುವುದಿಲ್ಲ ಎಂದ ಅದೇ ಮನುಷ್ಯ. ಖಲಾಸ್, ಮುಗಿಯಿತು. ಎಣ್ಣೆ ಕುಡಿಸಿದ್ದೀರಿ ಎಂದು ತೋರಿಸಿದ. ಎಣ್ಣೆ ಹಾಕಿದ್ದು ನಾನೇ, ಆದರೆ ಮರಳಿಗೆ ಆಗುತ್ತದೆ ಎಂದದ್ದು ನೀನಲ್ಲವಾ ಎಂದು ಕೇಳಿದೆ. ನಾನು ಹಾಳು ಮೀನು ಕೊಟ್ಟಿದ್ದರೆ ಮರುದಿನ ಅದೇ ಮನೆಯ ಬಾಗಿಲಿಗೆ ಹೋಗಿ ಅದೇ ಹೆಂಗಸಿನ ಮುಖ ನೋಡಬೇಕಿತ್ತು. ಅದರಿಂದಲೇ ನಮ್ಮಲ್ಲಿ ಬೆಲೆಗೂ ಮೀನಿಗೂ ಒಂದಿಷ್ಟು ನಂಟು ಉಳಿದದ್ದು. ಇಲ್ಲಿ ಯಾರು ಯಾರ ಬಾಗಿಲಿಗೆ ಹೋಗಬೇಕು?

ಕಾರಿನಲ್ಲಿ ಕೂತು ಮಗನನ್ನು ಕೇಳಿದೆ, ಕಡಿಮೆಯದ್ದನ್ನೇ ತೆಗೆದುಕೊಂಡಿದ್ದರೆ ಏನಾಗುತ್ತಿತ್ತೆಂದು.

“ಪ್ಲಾಂಟಲ್ಲಿ ನನ್ನದೇ ಕೆಲ್ಸ ಮಾಡುವವ ಇನ್ನೊಬ್ಬ ಇದ್ದಾನಮ್ಮ,” ಎಂದ. “ಅವನಿಗೆ ಕೆಲ್ಸ ಕಲಿಸಿದ್ದು ನಾನು. ಅವನ ಪಾಸ್‌ಪೋರ್ಟ್ ಬೇರೆ ದೇಶದ್ದು, ಅದಕ್ಕೆ ಸಂಬಳ ನನಗಿಂತ ಜಾಸ್ತಿ. ಅವನ ಮಕ್ಕಳ ಹತ್ರ ಇಂಥ ಹಲಗೆ ಉಂಟು. ನಾನಂತೂ ಕಡಿಮೆಯವ ಆದೆ. ನನ್ನ ಮಗಳಿಗೂ ಕಡಿಮೆಯದ್ದೇ ಯಾಕೆ?”

ನನ್ನ ಕೋಪ ಆಗ ಅಂಗಡಿಯವನನ್ನು ಬಿಟ್ಟಿತು. ಇದು ಬೇರೆ ಕೋಪ, ಇನ್ನೂ ಇಳಿದಿಲ್ಲ. ಕೆಲಸ ನೋಡದೆ ಊರು ನೋಡಿ ಮನುಷ್ಯನಿಗೆ ಬೆಲೆಯ ಚೀಟಿ ಅಂಟಿಸಿದ ಕೈ ಯಾವುದು? ಎದುರಿಗೆ ಸಿಕ್ಕಿದ್ದರೆ ಕೇಳುತ್ತಿದ್ದೆ, ನನ್ನ ಮಗನ ಕಿವಿರು ಎತ್ತಿ ನೋಡಿದೆಯಾ ಎಂದು.

ಆ ಹಲಗೆ ಈಗ ನಮ್ಮ ತಾರಸಿಯಲ್ಲಿದೆ. ಅದರ ಮೇಲೆ ನಾನು ಮೀನು ಒಣಗಿಸುತ್ತೇನೆ. ಸುಧಾಕರ ನೋಡಿ ಕೆಳಗಿಳಿದು ಹೋದ. ಶ್ರಾವ್ಯ ಮಾತ್ರ ಮೊನ್ನೆ ಅದನ್ನು ತಟ್ಟಿ, “ರಜೆಯಲ್ಲಿ ಇದನ್ನು ಊರಿಗೆ ಕೊಂಡೋಗುವ ಅಜ್ಜಿ. ದೋಣಿಯ ಅಡಿಗೆ ಇಡುವ. ಅಲ್ಲಿ ಎಣ್ಣೆ ಹಾಕಿದ್ರೆ ಜಾರ್ತದಲ್ಲ?” ಎಂದಳು.

ಜಾರ್ತದೆ ಎಂದೆ. ಕಡಲು ಕಣ್ಣಿಗೆ ಕಟ್ಟಿತು.

“ಮತ್ತೆ ನೀನು ನನ್ನ ಒಟ್ಟಿಗೆ ಇಲ್ಲಿಗೆ ವಾಪಸ್ ಬರ್ತಿಯಲ್ಲ?”

“ಬಾರದೆ ಎಲ್ಲಿಗೆ ಹೋಗ್ಲಿ,” ಎಂದುಬಿಟ್ಟೆ. ಅವಳು ಕುಣಿಯುತ್ತಾ ಓಡಿದಳು. ಬಾಯಿ ಅಷ್ಟು ಬೇಗ ಒಪ್ಪಿಕೊಂಡಿತಲ್ಲ ಎಂಬ ಸಿಟ್ಟಿಗೆ ನಾನು ಮೀನನ್ನು ಒಂದೊಂದಾಗಿ, ಜೋರಾಗಿಯೇ, ಮಗುಚಿ ಹಾಕಿದೆ.